ಆಸನ ಸ್ವೀಕರಿಸಬೇಕು, ಮಹಾಪ್ರಭು

ನನ್ನ ಕಲಾಸೇವೆ ಒಟ್ಟು ಮೂವತ್ತೆಂಟು ವರ್ಷದ್ದು. ಅಷ್ಟೂ ವರ್ಷ ನಾನು ಮಂತ್ರಿಯಾಗಿದ್ದೆ. ವಿಧಾನಸೌಧದಲ್ಲಿ ಯಾರು ಬಂದರೂ ಯಾರು ಹೋದರೂ ನನ್ನ ಖಾತೆ ಬದಲಾಗಲಿಲ್ಲ: ರಾಜ ಬಂದರೆ ಎದ್ದು ನಿಲ್ಲುವುದು, ಅವನನ್ನು ಕೂರಿಸುವುದು, ಅವನು ತಪ್ಪು ಮಾಡುವಾಗ ಗಡ್ಡ ನೀವಿಕೊಳ್ಳುವುದು. ಹೊಟ್ಟೆಪಾಡಿಗೆ ಹೊಳೆನರಸೀಪುರದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಅಲ್ಲಿ ಮಾಡುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ, ಗಡ್ಡವೊಂದು ಇರಲಿಲ್ಲ.

ಇಷ್ಟು ದೀರ್ಘ ಆಡಳಿತಾನುಭವವಿದ್ದೂ ನನಗೆ ರಾಜಯೋಗ ಬರದೇ ಹೋದದ್ದು ಒಂದು ಅಕ್ಷರದ ದೆಸೆಯಿಂದ. ನಮ್ಮ ಸೀಮೆಯಲ್ಲಿ ಹಕಾರಕ್ಕೆ ಒಕ್ಕಲುತನವಿಲ್ಲ. ಹಾಲು ನಮಗೆ ಆಲು, ಹೊಳೆ ಒಳೆ, ಹಾಸನವೆಂಬ ಜಿಲ್ಲಾ ಕೇಂದ್ರ ಬರೀ ಆಸನ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು "ಆಸನ, ಆಸನ" ಎಂದು ಕೂಗಿ ಹತ್ತಿಸಿಕೊಳ್ಳುತ್ತಾನೆ. ಹತ್ತಿ ನೋಡಿದರೆ ಒಳಗೆ ಅದೊಂದೇ ಇರುವುದಿಲ್ಲ. ಇದರಿಂದ ಬದುಕಿಗೆ ಏನೂ ಅಡ್ಡಿಯಿಲ್ಲ. ಪೌರಾಣಿಕ ನಾಟಕಕ್ಕೆ ಇದೆ.

ನನಗೆ ಕಲಿಸಿದ ಹಾರ್ಮೋನಿಯಂ ಮೇಷ್ಟ್ರು ಅರಕಲಗೂಡಿನ ಕಡೆಯವರು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಖಾಲಿಯಿದ್ದ ತಿಂಗಳುಗಳಲ್ಲಿ ಅದರೊಳಗೇ ನಮ್ಮ ತಾಲೀಮು. ಗೋಡೆಗೆ ಹತ್ತಿದ ಘಾಟಿಗೆ ರಾಜ ಸೀನಿದರೆ ಸೇನಾಪತಿಯೂ ಸೀನುತ್ತಿದ್ದ. ಅಲ್ಲಿ ಮೇಷ್ಟ್ರು ನನ್ನ ನಾಲಿಗೆ ತಿದ್ದಲು ಕೂತರು.

"ಲೇ, 'ಅ' ಅನ್ಬ್ಯಾಡ ಕಣ್ಲಾ. 'ಅ' ಅನ್ನು!"

"ಅದ್ನೇ ಅಂತಾವ್ನಿ ಸಾ."

"ಅದಲ್ಲ ಕಣ್ಲಾ ಬಡ್ಡೀಮಗ್ನೆ. ನೀನನ್ನೋದು 'ಅ'. ನಾನು ಏಳ್ತಿರೋದು 'ಅ'!"

ಎರಡಕ್ಕೂ ಇರುವ ವ್ಯತ್ಯಾಸ ಮೇಷ್ಟ್ರ ಮನಸ್ಸಿನಲ್ಲಿ ಸ್ಪಷ್ಟವಾಗಿತ್ತು. ಅದು ಆಚೆಗೆ ಬರುವ ದಾರಿ ಮಾತ್ರ ಮುಚ್ಚಿತ್ತು. ಕೊನೆಗೆ ಅವರೇ ಒಂದು ಉಪಾಯ ಕಂಡುಹಿಡಿದರು. ಅಂಗೈಯನ್ನು ಬಾಯಿಯ ಮುಂದೆ ಹಿಡಿಯುವುದು. ಉಸಿರು ಅಂಗೈಗೆ ಬಡಿದರೆ ಅದು ಹಕಾರ. ನಾನು ಶ್ರದ್ಧಾವಂತ ಶಿಷ್ಯ. ಮೂರು ತಿಂಗಳಲ್ಲಿ ಉಸಿರು ಚೆನ್ನಾಗಿ ಬಡಿಯತೊಡಗಿತು. ಬೇಕಾದ ಕಡೆಯೂ ಬಡಿಯಿತು, ಬೇಡದ ಕಡೆಯೂ ಬಡಿಯಿತು.

ಮೊದಲ ಪ್ರಯೋಗ ಅರಕಲಗೂಡಿನಲ್ಲಿ. ರಾಜನ ಪಾತ್ರದಲ್ಲಿದ್ದವರು ಒಬ್ಬ ಶುಂಠಿ ವ್ಯಾಪಾರಿ. ಅವರು ಕಿರೀಟ ಸರಿಮಾಡಿಕೊಂಡು ರಂಗಕ್ಕೆ ಬಂದರು. ನಾನು ಎದೆಯುಬ್ಬಿಸಿ, ಸಿಂಹಾಸನದ ಕಡೆ ಕೈಚಾಚಿ ಹೇಳಿದೆ:

"ಹಾಸನ ಸ್ವೀಕರಿಸಬೇಕು, ಮಹಾಪ್ರಭು!"

ಜನರ ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಅರಕಲಗೂಡ್ನೂ ಸೇರ್ಸಿ ಕೊಟ್ಬುಡಪ್ಪೋ!" ಇನ್ನೊಬ್ಬ, "ದುದ್ದ ಬ್ಯಾಡ ಕಣ್ಲಾ, ಅಲ್ಲಿ ನಮ್ ಅತ್ತೆ ಮನೆ ಅದೆ!" ಎಂದ. ಶಿಳ್ಳೆಯ ಮೇಲೆ ಶಿಳ್ಳೆ, ಒನ್ಸ್ ಮೋರ್. ಶುಂಠಿ ವ್ಯಾಪಾರಿಗಳು ಮೂರು ಸಲ ಒಳಗೆ ಹೋಗಿ ಮೂರು ಸಲ ಬಂದು ಮೂರು ಸಲವೂ ಹಾಸನ ಜಿಲ್ಲೆಯನ್ನು ಸ್ವೀಕರಿಸಿದರು. ನನ್ನ ಕಲಾಜೀವನದ ಒನ್ಸ್ ಮೋರ್ ಅದೊಂದೇ.

ಮುಂದೆ ಚಾಪೆ ಹಾಕಿಕೊಂಡು ಕೂತಿದ್ದ ಅವ್ವ ಮಾತ್ರ ನಕ್ಕಿರಲಿಲ್ಲ. ಮನೆಗೆ ಬಂದಮೇಲೆ, "ನಗ್ಲಿ ಬುಡು ಮಗ. ಮಿಕ್ಕೋರ್ ಮಾತು ಯಾರ್ಗ್ ಗ್ಯಾಪ್ಕ ಅದೆ?" ಎಂದಳು.

ಅವಳು ಹೇಳಿದ್ದು ನಿಜವಾಯಿತು, ಆದರೆ ನನಗೆ ಬೇಕಾದ ರೀತಿಯಲ್ಲಲ್ಲ. ಸುದ್ದಿ ನನಗಿಂತ ಮೊದಲು ಹಳ್ಳಿಮೈಸೂರಿಗೆ ಹೋಯಿತು, ಚನ್ನರಾಯಪಟ್ಟಣಕ್ಕೂ ಹೋಯಿತು. ಚನ್ನರಾಯಪಟ್ಟಣದಲ್ಲಿ ಒಂದು ಸಲ ಮೈಯೆಲ್ಲ ನಾಲಿಗೆಯಾಗಿ ಸರಿಯಾಗಿ "ಆಸನ" ಎಂದೆ. ಜನ ಗಲಾಟೆ ಎಬ್ಬಿಸಿದರು. ಕಮಿಟಿಯವರು ಪರದೆಯ ಹಿಂದೆ ಬಂದು, "ಅಂಗೆ ಬ್ಯಾಡ ಸಾ, ಮಾಮೂಲಿ ಏಳಿ. ಜನ ಅದುಕ್ಕೇ ಬಂದವ್ರೆ" ಎಂದು ಕೈಮುಗಿದರು. ಹೇಳಿದೆ. ಆಮೇಲೆ ಎಲ್ಲ ಕಡೆಯೂ ಹೇಳಿದೆ. ತಪ್ಪು ಒಮ್ಮೆ ಜನರ ಸ್ವತ್ತಾದರೆ ತಿದ್ದುವ ಹಕ್ಕು ಮಾಡಿದವನಿಗೆ ಉಳಿಯುವುದಿಲ್ಲ. ರಾಜನ ಪಾತ್ರ ಕೇಳಿದಾಗಲೆಲ್ಲ, "ನೀವ್ ರಾಜ ಆಗ್ಬುಟ್ರೆ ಆಸನ ಕೊಡೋರ್ಯಾರು ಸಾ?" ಎಂದು ನಕ್ಕರು.

ಈ ನಡುವೆ ಅವ್ವನಿಗೆ ಕಣ್ಣು ಹೋಯಿತು. ಒಂದೇ ದಿನ ಅಲ್ಲ, ಅಂಚಿನಿಂದ ಒಳಕ್ಕೆ, ಪರದೆ ಎಳೆದ ಹಾಗೆ. ಹಾಸನದ ಡಾಕ್ಟರು, ಹೋದದ್ದು ವಾಪಸು ಬರುವುದಿಲ್ಲ ಎಂದರು. ಅಷ್ಟು ಹೊತ್ತಿಗೆ ನಾನು ನಿವೃತ್ತನಾಗಿದ್ದೆ, ಊರೂರಲ್ಲಿ ನಾಟಕವೂ ಕಡಿಮೆಯಾಗಿತ್ತು. ಆಗ ಒಂದು ಟೀವಿ ಸೀರಿಯಲ್‌ನವರು ಚನ್ನರಾಯಪಟ್ಟಣದಾಚೆ ತೆಂಗಿನ ತೋಟವೊಂದರಲ್ಲಿ ಅರಮನೆ ಕಟ್ಟಿ, ಗಡ್ಡ ಒಪ್ಪುವ ಮುಖಗಳನ್ನು ಹುಡುಕುತ್ತ ನನ್ನನ್ನು ಕರೆದರು. ಮತ್ತೆ ಮಂತ್ರಿ. ಒಂದೇ ದೃಶ್ಯ, ಒಂದೇ ಮಾತು. ಆ ಮಾತು ಯಾವುದೆಂದು ಹೇಳಬೇಕಾಗಿಲ್ಲ. ಈ ದೇಶದ ಮಂತ್ರಿಗಳಿಗೆ ಬೇರೆ ಕೆಲಸವನ್ನು ಯಾರೂ ಬರೆದೇ ಇಲ್ಲ.

ಅವ್ವ ಹಿಗ್ಗಿದಳು. "ಕಾಣ್ದಿದ್ರೆ ಏನ್ಲಾ? ನಿನ್ ಗಂಟ್ಲು ಕೇಳಿದ್ರೆ ಸಾಕು. ಟೀವೀಲಿ ನೀನ್ ಮಾತಾಡಾದ್ ಕೇಳ್ಬುಟ್ಟು ಓಗ್ತೀನಿ." ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂಗೈ ಬಾಯಿಯ ಮುಂದೆ ಹಿಡಿದು ಅಭ್ಯಾಸ ಮಾಡಿದೆ. ಪಕ್ಕದವರು, ವಾಂತಿ ಮಾಡುತ್ತಾನೆಂದು ಕಿಟಕಿಯ ಸೀಟು ಬಿಟ್ಟುಕೊಟ್ಟರು. ಕಲಾಸೇವೆಯಿಂದ ನನಗೆ ಸಿಕ್ಕಿದ ಆಸನ ಅದು.

ಕ್ಯಾಮೆರಾ ಮುಂದೆ ಮೊದಲ ಟೇಕ್: "ಹಾಸನ ಸ್ವೀಕರಿಸಬೇಕು, ಮಹಾಪ್ರಭು." ತಿದ್ದಿದರು. ಎರಡನೆಯದು: "ಆಸನ ಸ್ವೀಕರಿಸಬೇಕು, ಮಾಪ್ರಭು." ಉಸಿರು ಬಿಟ್ಟರೆ ಎರಡೂ ಕಡೆ ಬರುತ್ತದೆ, ಕಟ್ಟಿದರೆ ಎರಡೂ ಕಡೆ ಹೋಗುತ್ತದೆ. ಏಳನೇ ಟೇಕಿಗೆ ರಾಜನಿಗೆ ಕಾಲುನೋವು ಬಂತು. ಡೈರೆಕ್ಟರ್ ಹುಡುಗ ಬಹಳ ಮರ್ಯಾದಸ್ಥ. "ಪರವಾಗಿಲ್ಲ ಸರ್, ಡಬ್ಬಿಂಗಲ್ಲಿ ನೋಡ್ಕೊಳ್ತೀವಿ" ಎಂದ.

ಡಬ್ಬಿಂಗ್‌ಗೆ ಕರೆಯುತ್ತಾರೆಂದು ನಾನು ದಿನವೂ ಬೆಳಿಗ್ಗೆ ಅಂಗೈ ಹಿಡಿದು ಕಾದೆ. ಫೋನು ಬರಲಿಲ್ಲ. ಅವರು ನೋಡಿಕೊಂಡಿದ್ದರು.

ಪ್ರಸಾರವಾದ ಸಂಜೆ ಅವ್ವ ತಲೆಬಾಚಿಸಿಕೊಂಡು, ಟೀವಿಗೆ ಕಿವಿ ತಾಗುವಷ್ಟು ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಳು. ಗಡ್ಡ ಹೊತ್ತ ನಾನು ಕಾಣಿಸಿಕೊಂಡೆ. ಬಾಯಿ ತೆರೆದೆ. ಒಳಗಿನಿಂದ ಯಾವನೋ ಬೆಂಗಳೂರಿನವನು, ತುಪ್ಪ ಸವರಿದ ಕಂಠದಲ್ಲಿ, ಅಕ್ಷರಕ್ಕೆ ಅಕ್ಷರ ಸರಿಯಾಗಿ ಮಾತಾಡಿದ. ಜಾಹೀರಾತು ಬಂತು, ಹೋಯಿತು, ಕತೆ ಅಂತಃಪುರಕ್ಕೆ ಹೋಯಿತು.

"ನೀನ್ ಯಾವಾಗ್ಲಾ ಬರಾದು?"

"ಬಂದೋದೆ ಕಣವ್ವ."

"ಸುಳ್ ಏಳ್ಬ್ಯಾಡ."

"ಅವ್ರೇ ಕಣತ್ತೆ," ಎಂದಳು ನನ್ನ ಹೆಂಡತಿ. "ಈಗ್ ನಿಂತಿದ್ರಲ್ಲ, ಇಷ್ಟುದ್ದ ಗಡ್ಡ ಬುಟ್ಕೊಂಡು."

"ಗಡ್ಡ ನಂಗ್ ಕೇಳಿಸ್ತದೇನವ್ವ?"

ಹೆಂಡತಿ ಎದ್ದು ಅಡುಗೆಮನೆಗೆ ಹೋದಳು.

ಮಾರನೆಯ ಬೆಳಿಗ್ಗೆ ಅದೇ ಕಂತು ಮತ್ತೆ ಬರುತ್ತದೆ ಎಂದು ಗೊತ್ತಿತ್ತು. ಅದಾದ ಮೇಲೆ ನನಗೆ ಆ ಅರಮನೆಯಲ್ಲಿ ಕೆಲಸವಿರಲಿಲ್ಲ. ರಿಮೋಟು ಹಿಡಿದು ಟೀವಿಯ ಪಕ್ಕ, ಅವ್ವನಿಗೆ ಎದುರಾಗಿ ನಿಂತೆ. ಮೈಮೇಲೆ ಬರೀ ಪಂಚೆ, ಬನಿಯನ್; ಬಾಯಿಯ ಮುಂದೆ ಅಂಗೈ ಹಿಡಿಯಲಿಲ್ಲ. ನನ್ನ ಮುಖ ಬಂದ ಕೂಡಲೇ ಸದ್ದು ನಿಲ್ಲಿಸಿ, ತೆರೆಯ ಮೇಲಿನ ತುಟಿಗೆ ಹೊಂದಿಸಿ ಹೇಳಿದೆ:

"ಆಸನ ಸ್ವೀಕರಿಸಬೇಕು, ಮಹಾಪ್ರಭು."

ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ, ಒಂದೇ ಮಾತಿನೊಳಗೆ, ಉಸಿರು ಎಲ್ಲಿ ಇರಬಾರದೋ ಅಲ್ಲಿ ಇರಲಿಲ್ಲ, ಎಲ್ಲಿ ಇರಬೇಕೋ ಅಲ್ಲಿಯೂ ಇತ್ತು. ಮೇಷ್ಟ್ರು ಇದ್ದಿದ್ದರೆ ಹಾರ್ಮೋನಿಯಂ ಮುಚ್ಚಿ ಎದ್ದು ನಿಲ್ಲುತ್ತಿದ್ದರು. ನಾನು ಅವ್ವನ ಮುಖ ನೋಡಿದೆ.

ಅವಳು ಕತ್ತು ವಾಲಿಸಿ ಕೇಳಿದಳು. ಆಮೇಲೆ ಅಡ್ಡಡ್ಡ ತಲೆಯಾಡಿಸಿದಳು.

"ಇವ್ನೂ ನೀನಲ್ಲ ಕಣ್ಲಾ."

"ನಾನೇ ಕಣವ್ವ."

"ನನ್ ಮಗ ಆಗಿದ್ರೆ ರಾಜುಂಗೆ ಊರ್‌ನೇ ಕೊಡೋನು. ಇವ್ನು ಬರೀ ಕುರ್ಚಿ ಕೊಟ್ಟ." ಸೆರಗಿನಿಂದ ಕಣ್ಣೊರೆಸಿಕೊಂಡಳು, ಆ ಕಣ್ಣುಗಳಲ್ಲಿ ಸುಮ್ಮನೆಯೂ ನೀರಿಳಿಯುತ್ತಿತ್ತು, ಯಾವುದಕ್ಕೆ ಎಂದು ತಿಳಿಯುತ್ತಿರಲಿಲ್ಲ. "ಓಗ್ಲಿ ಬುಡು. ಸೌಂಡ್ ಕೊಡು, ಕತೆ ಕೇಳಾನ."

ಇನ್ನೊಂದು ಸಲ, ಮಾಮೂಲಿಯಂತೆ, ಹೇಳಿಬಿಡೋಣ ಎಂದು ಬಾಯಿ ತೆರೆದೆ. ಟೀವಿಯ ಕಡೆ ತಿರುಗಿ ನೋಡಿದರೆ, ರಾಜ ಆಗಲೇ ಕೂತುಬಿಟ್ಟಿದ್ದ.