ಫಕೀರಬಿಯ ಎಮ್ಮೆಗೆ ಎರಡನೇ ಸೂಜಿ

ತೆಕ್ಕಲಕೋಟೆಯಲ್ಲಿ ನಮ್ಮ ಪಕ್ಕದ ಮನೆ ಫಕೀರಬಿಯದು. ನನ್ನ ಹಾಗೆಯೇ ಗಂಡನನ್ನು ಕಳೆದುಕೊಂಡವಳು. ಒಂದು ಎಮ್ಮೆಯ ಹಾಲು ಮಾರಿ ಮಗಳು ಶಮಾಳನ್ನು ಸಾಕಿದಳು. ಬಾಯಿ ಜೋರು. ಹಾಲಿಗೆ ನೀರು ಬೆರೆಸಿದ್ದೀ ಎಂದವರಿಗೆ, "ನಳದಾಗ ಕುಡ್ಯಾಕ ನೀರು ಬರಂಗಿಲ್ಲ, ಬೆರಸಾಕ ಎಲ್ಲಿಂದ ತರ್ಲಿ?" ಎನ್ನುವಳು.

ಅಂಥವಳು ಒಂದು ವಿಷಯಕ್ಕೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ: ಎಮ್ಮೆ ಗಬ್ಬವಾದದ್ದು. ನಮ್ಮ ಓಣಿಯಲ್ಲಿ ಯಾರೂ ಹೇಳುವುದಿಲ್ಲ. ಕಣ್ಣು ಬಿದ್ದರೆ ಕರು ನಿಲ್ಲುವುದಿಲ್ಲವೆಂಬ ಅಂಜಿಕೆ. ಈ ಸಲ ನನಗೊಬ್ಬಳಿಗೇ ಗೊತ್ತಿತ್ತು.

ಮೊನ್ನೆ ಬೆಳಗ್ಗೆ ನೋಡಿದರೆ ಎಮ್ಮೆ ನೆಲಕ್ಕೆ ಬಿದ್ದಿದೆ. ಗಂಟಲು ಬಾತು, ನಾಲಗೆ ಹೊರಗೆ, ಗೊರಗೊರ ಉಸಿರು. ಮೈ ಮುಟ್ಟಿದರೆ ಕಾದ ಹಂಚು. ಸಿರುಗುಪ್ಪದಿಂದ ದನದ ಡಾಕ್ಟರು ಬಂದು ರೋಗಕ್ಕೆ ಒಂದು ಸೂಜಿ ಹಾಕಿದರು. ಬಾವು ಇಳಿಸಲು ಇನ್ನೊಂದಕ್ಕೆ ಔಷಧ ತುಂಬುತ್ತ ಕೇಳಿದರು:

"ಗಬ್ಬ ಐತೇನಮ್ಮ?"

"ಇಲ್ರಿ ಸಾರ್," ಎಂದಳು ಫಕೀರಬಿ.

ನಾನು ಮುಂದೆ ಬಂದೆ. "ಏ ಫಕೀರಬಿ, ಡಾಕ್ಟರ ಮುಂದೂ ಮುಚ್ಚಿಡ್ತಿಯೇನ? ಐತ್ರಿ ಸಾರ್, ಆರು ತಿಂಗಳು ದಾಟೈತಿ!"

ಡಾಕ್ಟರ ಕೈ ನಿಂತಿತು. "ಇದನ್ನ ಹಾಕಿದ್ರ ಬಾವು ಲಗೂನ ಇಳಿತೈತಿ. ಆದ್ರ ಕಂದು ಹಾಕಬಹುದು, ಕರು ಉಳಿಯಂಗಿಲ್ಲ. ಹಾಕದಿದ್ರ, ಮೊದಲಿನ ಔಷಧ ಹಿಡಿಯೋದ್ರಾಗ ಉಸಿರು ಕಟ್ಟಬಹುದು. ಎರಡೂ ಖಾತ್ರಿ ಹೇಳಾಕಾಗಂಗಿಲ್ಲ. ನೀವ ಹೇಳ್ರಿ."

ಫಕೀರಬಿ ನನ್ನ ಕೈ ಹಿಡಿದಳು. ಕರು ಹೋದರೆ ಬರುವ ವರ್ಷದ ಹಾಲು ಹೋದಂತೆ. ಎಮ್ಮೆಯೇ ಹೋದರೆ ಒಲೆಯೇ ಆರಿದಂತೆ.

"ಹನುಮಮ್ಮಕ್ಕಾ, ನೀ ಹೇಳು."

ನಾನು ಎಮ್ಮೆಯ ಕಡೆ ನೋಡಿದೆ. ಎಮ್ಮೆ ಉಸಿರು ಎಳೆದುಕೊಂಡಿತು. ಬಿಡಲಿಲ್ಲ. ಇನ್ನೂ ಬಿಡಲಿಲ್ಲ.

"ಹಾಕ್ರಿ ಸಾರ್!" ಎಂದು ಫಕೀರಬಿ ಚೀರಿದಳು. "ತಾಯಿ ಉಳೀಲಿ!"

ಹಾಕಿದರು. ಕರುವಿನ ಬಗ್ಗೆ ಇನ್ನು ಕೆಲವು ದಿನ ಏನೂ ಹೇಳಲಾಗದು ಎಂದು ಹೇಳಿ ಡಾಕ್ಟರು ಹೋದರು. ನಾವಿಬ್ಬರೂ ನೆಲಕ್ಕೆ ಕುಳಿತು ಅದರ ಮೂಗನ್ನೇ ನೋಡುತ್ತಿದ್ದೆವು. ಮಧ್ಯಾಹ್ನ ದಾಟಿದ ಮೇಲೆ ಗೊರಗೊರ ಸಣ್ಣದಾಯಿತು. ಸಂಜೆಗೆ ಬಕೆಟಿನ ನೀರಿಗೆ ಮೂತಿ ಇಟ್ಟಿತು, ಎದ್ದೇ ನಿಂತಿತು. ಓಣಿಯವರು ಹಿಗ್ಗಿದರು. ಫಕೀರಬಿ ಮಾತ್ರ ಹಿಂದೆ ಹೋಗಿ ಬಾಲ ಎತ್ತಿ ನೋಡಿದಳು. ಕಂದು ಹಾಕುವ ಗುರುತು, ರಕ್ತ, ಏನೂ ಇರಲಿಲ್ಲ.

ಈಗ ಬೆಳಗಾದರೆ ಅವಳು ಮುಖ ತೊಳೆಯುವ ಮೊದಲೇ ಕೊಟ್ಟಿಗೆಯ ನೆಲ ನೋಡಲು ಹೋಗುತ್ತಾಳೆ. ಅವಳು ತಿರುಗಿ ಬರುವವರೆಗೂ ನಾನು ಒಲೆ ಹಚ್ಚುವುದಿಲ್ಲ.