ನೆನೆಸದೆ ಕತ್ತರಿಸಿದ ಬಟ್ಟೆ

ಬೀದಿಯವರಿಗೆಲ್ಲ ಅವಳು ಕಾಜಾ ಅಕ್ಕ. ಗಂಡ ಬಟ್ಟೆ ಕತ್ತರಿಸಿ ಹೊಲಿದರೆ, ಕಾಜಾ ತೆಗೆದು ಗುಂಡಿ ಹಾಕುವುದು, ಅಂಚು ಮಡಿಸುವುದು ಅವಳ ಪಾಲು. ಹತ್ತಡಿ ಅಂಗಡಿ, ಎರಡು ಮಿಷನ್ನು, ಗೋಡೆಗೊಂದು ಕನ್ನಡಿ. ನಾಳೆ ಕೊಡುತ್ತೇನೆಂದ ಬಟ್ಟೆಯನ್ನು ಇವತ್ತೇ ಕೊಟ್ಟುಬಿಡುವುದು ಅವಳ ಹೆಮ್ಮೆ.

"ಇವಳಿಗೆ ಬಿಟ್ರೆ ಮಗೂನೂ ಎಂಟೇ ತಿಂಗಳಿಗೆ ಹೆತ್ತು ಕೊಡ್ತಾಳೆ" ಎಂದು ಗಂಡ ಗಿರಾಕಿಗಳೆದುರೇ ಛೇಡಿಸುತ್ತಿದ್ದ. ಆದರೆ ಒಂದು ವಿಷಯದಲ್ಲಿ ಅವನು ಜಪ್ಪಯ್ಯ ಅಂದರೂ ಬಗ್ಗುತ್ತಿರಲಿಲ್ಲ: ಹತ್ತಿ ಬಟ್ಟೆಯನ್ನು ನೆನೆಸಿ ಒಣಗಿಸಿದ ಮೇಲೇ ಕತ್ತರಿ. ಇಲ್ಲದಿದ್ದರೆ ಹೊಲಿದದ್ದು ಮೊದಲ ಒಗೆತಕ್ಕೇ ಕುಗ್ಗುತ್ತದೆ.

ಇಬ್ಬರಿಗೂ ಎಚ್‌ಐವಿ ಇದೆಯೆಂದು ಗೊತ್ತಾಗಿ ಮೂರು ವರ್ಷ. ಅವಳು ದಿನವೂ ಮಾತ್ರೆ ನುಂಗಿ ಗಟ್ಟಿಮುಟ್ಟಾಗಿದ್ದಳು. ಅವನು ಮೈ ಹಗುರಾಯಿತೆಂದು ನಡುವೆ ಬಿಟ್ಟ, ಬಿಟ್ಟದ್ದನ್ನು ಬಾಯಿ ಬಿಟ್ಟು ಹೇಳಲೂ ಇಲ್ಲ. ಆಮೇಲೆ ತಲೆನೋವು ಶುರುವಾಯಿತು. ದಾರ ಪೋಣಿಸಲು ಹೋದರೆ ಒಂದು ಸೂಜಿ ಎರಡಾಗಿ ಕಾಣತೊಡಗಿತು. ಆಸ್ಪತ್ರೆಯಲ್ಲಿ ಬೆನ್ನಿನಿಂದ ನೀರು ತೆಗೆದು ನೋಡಿದರು. ಮಿದುಳಿನ ಪೊರೆಗೆ ಫಂಗಸ್ ಹತ್ತಿತ್ತು.

"ಮೊದಲು ಫಂಗಸ್ ಔಷಧಿ. ಎಚ್‌ಐವಿ ಮಾತ್ರೆ ಮತ್ತೆ ಶುರು ಮಾಡೋದು ಒಂದು ತಿಂಗಳು ದಾಟಿದ ಮೇಲೆ, ನಾನು ಹೇಳಿದಾಗ" ಎಂದರು ಡಾಕ್ಟರಮ್ಮ.

ಅವಳು ತಲೆಯಾಡಿಸಿದಳು. ತಿಂಗಳೇ! ಡ್ರಿಪ್ ಹಾಕಿದಾಗಲೆಲ್ಲ ಅವನು ಮಂಚ ಕಟಕಟ ಅನ್ನುವಷ್ಟು ನಡುಗುತ್ತಿದ್ದ. ಮೂಲ ರೋಗಕ್ಕೇ ಮದ್ದಿಲ್ಲದೆ ಅಷ್ಟು ದಿನ ಮಲಗಿದರೆ ಏನು ಗತಿ? ನನ್ನನ್ನು ಉಳಿಸಿದ ಮಾತ್ರೆ ಅವರನ್ನೂ ಉಳಿಸಬೇಕಲ್ಲವೇ? ನನ್ನದು ನಾಲ್ಕು ದಿನ ತಪ್ಪಿದರೆ ಪ್ರಾಣವೇನೂ ಹೋಗುವುದಿಲ್ಲ.

"ಇದೇನೇ ಹೊಸದು?" ಅಂಗೈಗೆ ಬಿದ್ದ ಮಾತ್ರೆ ಸರಿಯಾಗಿ ಕಾಣದೆ ಗಂಡ ಕೇಳಿದ.

"ಸಿಸ್ಟರ್ ಕೊಟ್ಟಿದ್ದು ರೀ. ನುಂಗಿ ಸುಮ್ಮನೆ."

ಹೀಗೆ ಐದು ದಿನ, ಚಹಾದ ಜೊತೆ, ತನ್ನ ಪಾಲಿನ ಮಾತ್ರೆ.

ಆರನೆಯ ಬೆಳಿಗ್ಗೆ, ಇಳಿದಿದ್ದ ನೋವು ಮತ್ತೆ ಏರಿತು. ಅವನು ದಿಂಬನ್ನು ಕಚ್ಚಿ ಹಿಡಿದ. ಡಾಕ್ಟರಮ್ಮ ಚೀಟಿ ತಿರುವಿ ಹುಬ್ಬು ಗಂಟಿಕ್ಕಿದರು. "ಈ ಔಷಧಿ ಹಿಡೀತಿಲ್ವೇನೋ. ಮತ್ತೆ ನೀರು ತೆಗೆದು ನೋಡೋಣ. ಬೇಕಾದ್ರೆ ಔಷಧಿ ಬದಲಾಯಿಸೋಣ."

ಕಾಜಾ ಅಕ್ಕ ಮಂಚದ ಕಂಬಿ ಹಿಡಿದಳು. ಹೇಳಿದರೆ ವಾರ್ಡಿನಿಂದ ಆಚೆ ಹಾಕುತ್ತಾರೆ. ಹೇಳದಿದ್ದರೆ, ಹಿಡಿದಿದ್ದ ಔಷಧಿಯನ್ನೇ ನಿಲ್ಲಿಸಿಬಿಟ್ಟರೆ?

"ಡಾಕ್ಟ್ರೇ... ನನ್ನ ಮಾತ್ರೆ ಇವರಿಗೆ ಕೊಟ್ಟೆ. ಐದು ದಿನದಿಂದ."

"ಅಯ್ಯೋ, ನಿಮಗೆ ತಲೆ ನೆಟ್ಟಗಿದೆಯೇನಮ್ಮ?" ಸಿಸ್ಟರ್ ಸಿಡಿದರು. "ನನ್ನ ಹೆಸರು ಬೇರೆ ಹೇಳಿ! ನಿಮ್ಮದನ್ನ ಕೊಟ್ಟು ನೀವೇನು ಗಾಳಿ ನುಂಗಿದ್ರಾ?"

ಡಾಕ್ಟರಮ್ಮ ಕೂಗಾಡಲಿಲ್ಲ. ಅದಕ್ಕೇ ಅವಳಿಗೆ ಇನ್ನೂ ಹೆದರಿಕೆಯಾಯಿತು. "ಫಂಗಸ್ ಇಳಿಯೋ ಮುಂಚೆ ಆ ಮಾತ್ರೆ ಕೊಟ್ರೆ, ಮೈಯೊಳಗಿನ ಕಾವಲು ದಿಢೀರಂತ ಎದ್ದು ಅದರ ಮೇಲೆ ಬೀಳುತ್ತೆ. ತಲೆಯೊಳಗೇ ಬಾವು ಬರುತ್ತೆ. ಅದಕ್ಕೇ ಕಾಯಿರಿ ಅಂದಿದ್ದು. ನೋವು ಇದರಿಂದಲೇ ಅಂತ ಈಗ ಹೇಳೋಕಾಗಲ್ಲ. ಹೇಳಿದ್ದು ಒಳ್ಳೇದಾಯ್ತು."

ಪರದೆ ಎಳೆದರು. ಅವಳು ಹೊರಗೆ ಸೆರಗಿನ ಅಂಚನ್ನು ಮಡಿಸುತ್ತ, ಬಿಡಿಸುತ್ತ ನಿಂತಳು.

ಬೆನ್ನಿನಿಂದ ನೀರು ಇಳಿಸಿದ ಮೇಲೆ ಅವನ ಮುಖದ ಬಿಗಿ ತುಸು ಸಡಿಲಿತ್ತು. ಕಣ್ಣು ತೆರೆಯದೇ ಅಂದ: "ನೆನೆಸದೇ ಕತ್ತರಿ ಹಾಕಿಬಿಟ್ಯಲ್ಲೇ."

"ಹಾಕಿದೆ ರೀ."

"ಕುಗ್ಗಿದ್ರೆ?"

ಅವಳು ಅವನ ಹೊದಿಕೆ ಸರಿಮಾಡಿದಳು. ಸಿಸ್ಟರ್ ನೀರಿನ ಲೋಟ ಚಾಚಿದರು. "ನಿಮ್ಮದು ನೀವು ನುಂಗಿ. ನನ್ನ ಕಣ್ಣೆದುರಿಗೇ."

ನುಂಗಿದಳು. "ಅವರಿಗೆ ಯಾವಾಗ, ಸಿಸ್ಟರ್?"

"ಡಾಕ್ಟರ್ ಹೇಳಿದ ದಿನ" ಎಂದದ್ದು ಗಂಡ, ಹಲ್ಲು ಕಚ್ಚಿಕೊಂಡು. "ಒಂದು ದಿನ ಮುಂಚೆ ಅಲ್ಲ."