ರಟ್ಟೆಗೆ ಕಸುವು ತುಂಬುವ ಗುರುಬಾಯಿ

ಹೈದರಾಬಾದಿನ ಕೂಕಟ್‌ಪಲ್ಲಿಯ ಮೆಟ್ರೊ ಕಂಬಗಳ ಹಿಂದೆ, ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡಂತಿರುವ ಪುಟ್ಟ ಪಾರ್ಕು. ಬೀದಿದೀಪಗಳು ಇನ್ನೂ ಆರಿಲ್ಲ. ಹಾಲಿನ ಗಾಡಿ ಈಗಷ್ಟೇ ಹೋಗಿದೆ. ಬೇವಿನ ಮರದ ಕೆಳಗೆ ಇಪ್ಪತ್ತರಷ್ಟು ಹೆಂಗಸರು ಸಾಲಾಗಿ ನಿಂತಿದ್ದಾರೆ. ಎಲ್ಲರ ಕೈಯಲ್ಲೂ ನೀರು ತುಂಬಿದ ಬಾಟಲಿ. ಕೆಲವರು ಚೂಡಿದಾರದಲ್ಲಿದ್ದಾರೆ, ಕೆಲವರು ನೈಟಿಯ ಮೇಲೆ ದುಪಟ್ಟಾ ಹೊದ್ದು ಬಂದಿದ್ದಾರೆ. ಇಬ್ಬರು ಸೀರೆಯುಟ್ಟೇ ಬಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಾರೆ.

"ಚೇತುಲು ಪೈಕಿ! ಹಾಥ್ ಊಪರ್! ಸ್ನೇಹಲತಾ ಬಾಯಾರ, ಕೈ ಮ್ಯಾಲ ಅಂದ್ರ ಮೂಗಿನ ಮಟ ಅಲ್ರಿ, ಮುಗಿಲಿಗೆ!"

ಒಂದೇ ಉಸಿರಿನಲ್ಲಿ ತೆಲುಗು, ಹಿಂದಿ, ಕನ್ನಡ ಮೂರನ್ನೂ ಹರಿಸುತ್ತಿರುವವರು ಗುರುಬಾಯಿ. ವಯಸ್ಸು ಐವತ್ತು ದಾಟಿದೆ. ಬೀದರ್ ಜಿಲ್ಲೆಯ ಭಾಲ್ಕಿ ಕಡೆಯ ಹೆಣ್ಣುಮಗಳು. ಇಳಕಲ್ ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಿದ್ದಾರೆ. ಬಾಟಲಿಯನ್ನು ತಲೆಯ ಹಿಂದಕ್ಕೆ ಇಳಿಸಿ, ಮೊಣಕೈಯನ್ನು ಕಿವಿಯ ಪಕ್ಕ ಬಿಗಿಹಿಡಿದು, ಮೆಲ್ಲಗೆ ಮೇಲಕ್ಕೆ ಚಾಚಿ ತೋರಿಸುತ್ತಾರೆ. ರಟ್ಟೆಯ ಹಿಂಬದಿಯಲ್ಲಿ, ನಡುವಯಸ್ಸಿನ ಎಷ್ಟೋ ಹೆಂಗಸರಿಗೆ ಮಾಂಸ ಜೋಲುವ ಜಾಗದಲ್ಲೇ, ಒಂದು ಗಟ್ಟಿ ಗೆರೆ ಮೂಡಿ ಮಾಯವಾಗುತ್ತದೆ.

ಸಾಲಿನ ಎದುರು ಗಾಲಿಕುರ್ಚಿಯಲ್ಲಿ, ಶಾಲು ಹೊದ್ದ ಅಜ್ಜಿಯೊಬ್ಬರು ಕೂತಿದ್ದಾರೆ. ಅವರು ಸಾವಿತ್ರಿಬಾಯಿ, ಗುರುಬಾಯಿಯ ಅತ್ತೆ. ಎಂಬತ್ತು ದಾಟಿದ್ದರೂ ಕಣ್ಣು ಚುರುಕು. "ಗುರುಬಾಯಿ, ಆ ಹಳದಿ ದುಪಟ್ಟಾದಾಕಿ ಮೋಸ ಮಾಡಾಕತ್ತಾಳ ನೋಡ. ಬಾಟಲಿದಾಗ ಅರ್ಧಾನೂ ನೀರಿಲ್ಲ!" ಎಂದು ಅಲ್ಲಿಂದಲೇ ಕೂಗುತ್ತಾರೆ. ಹಳದಿ ದುಪಟ್ಟಾದವರು ನಾಲಿಗೆ ಕಚ್ಚಿಕೊಂಡು ನಲ್ಲಿಯ ಕಡೆ ಓಡುತ್ತಾರೆ. ಇಡೀ ಸಾಲು ನಗುತ್ತದೆ.

ಈ ಅತ್ತೆಯಿಲ್ಲದಿದ್ದರೆ ಈ ಸಾಲೇ ಇರುತ್ತಿರಲಿಲ್ಲ.

ಮದುವೆಯಾಗಿ ಹೈದರಾಬಾದಿಗೆ ಬಂದಾಗ ಗುರುಬಾಯಿ ತೆಳ್ಳಗಿದ್ದರಂತೆ. ಗಂಡ ಮಲ್ಲಣ್ಣ ಆಟೊ ಓಡಿಸುತ್ತಾರೆ. ಎರಡನೆಯ ಹೆರಿಗೆಯ ನಂತರ ಥೈರಾಯ್ಡ್ ತೊಂದರೆ ಶುರುವಾಯಿತು, ಮೈ ತುಂಬುತ್ತಲೇ ಹೋಯಿತು. ಆಗ ಅವರಿಗೆ ಸಿಕ್ಕ ಕೆಲಸವೆಂದರೆ ಹೆಂಗಸರ ಜಿಮ್ ಒಂದರಲ್ಲಿ ಕಸ ಗುಡಿಸಿ ಕನ್ನಡಿ ಒರೆಸುವುದು.

"ನಾಲ್ಕೂ ಗ್ವಾಡಿಗೆ ಕನ್ನಡಿ ಇದ್ದೂರಿ ಅಲ್ಲಿ," ಎಂದು ನೆನಪಿಸಿಕೊಂಡು ಅವರು ನಗುತ್ತಾರೆ. "ಒರಸಾಕ ನಿಂತ್ರ ನಾನs ಕಾಣ್ತಿದ್ದೆ. ನಾ ಕೈ ನಿಲ್ಲಿಸಿದ್ರೂ ರಟ್ಟಿ ಅಲ್ಲಾಡೂದು ನಿಲ್ತಿದ್ದಿಲ್ರಿ. ಅದರ ಪಾಡಿಗೆ ಅದು ಜೋಕಾಲಿ ಆಡ್ತಿತ್ತು. ನಾನೂ ಬಿಟ್ಟುಬಿಟ್ಟಿದ್ದೆ. ನಮ್ಮಂಥವರಿಗೆ ಯಾಕ ಬೇಕು ಇದೆಲ್ಲ ಅಂತ."

ಒಂದು ಮಧ್ಯಾಹ್ನ ಸಾವಿತ್ರಿಬಾಯಿ ಬಚ್ಚಲಲ್ಲಿ ಜಾರಿ ಬಿದ್ದರು. ಪಾರ್ಶ್ವವಾಯುವಿನಿಂದ ಅವರ ಎಡಗಾಲು ಅದಾಗಲೇ ಸೋತಿತ್ತು. ಮಲ್ಲಣ್ಣ ಬಾಡಿಗೆಗೆ ಹೋಗಿದ್ದರು. ಮನೆಯಲ್ಲಿದ್ದವರು ಗುರುಬಾಯಿ ಒಬ್ಬರೇ. ಅತ್ತೆಯ ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದರು, ಆಗಲಿಲ್ಲ. ಸೊಂಟ ಹಿಡಿದು ಎತ್ತಲು ನೋಡಿದರು, ತಾವೇ ಜಾರಿದರು. ಕೊನೆಗೆ ಬೇರೆ ದಾರಿ ಕಾಣದೆ ಕೆಳಗಿನ ವಾಚ್‌ಮನ್‌ನನ್ನೂ ಪಕ್ಕದ ಮನೆಯ ಗಂಡಸರನ್ನೂ ಕೂಗಿದರು. ಅವರು ಬರುವಷ್ಟರಲ್ಲಿ ಕೈಗೆ ಸಿಕ್ಕ ಸೀರೆಯನ್ನು ಅತ್ತೆಯ ಮೈಮೇಲೆ ಹೊದಿಸಿದರು.

ಪರಗಂಡಸರ ಮುಂದೆ ಜೀವನಪೂರ್ತಿ ತಲೆಯ ಮೇಲಿನ ಸೆರಗು ಸರಿಸದ ಹೆಂಗಸು ಸಾವಿತ್ರಿಬಾಯಿ. ಮೂಳೆ ಮುರಿದಿರಲಿಲ್ಲ. ಆದರೆ ಅಂದು ಅವರು ಊಟ ಮಾಡಲಿಲ್ಲ.

"ಒಂದು ಮಾತು ಬೈಲಿಲ್ರಿ ನನಗ," ಗುರುಬಾಯಿಯ ದನಿ ತಗ್ಗುತ್ತದೆ. "ಬೈದಿದ್ರ ಹಗುರ ಆಗ್ತಿತ್ತು. ಗ್ವಾಡಿ ಕಡೆ ಮಾರಿ ಮಾಡಿ ಮಲಗಿಬಿಟ್ರು. ನಾ ನನ್ನ ಕೈ ನೋಡ್ಕೊಂಡೆ. ಇಷ್ಟು ದೊಡ್ಡ ರಟ್ಟಿ ಅದಾವ, ಒಂದು ಮುದುಕಿನ್ನ ಎತ್ತಾಕ ಬರಲಿಲ್ಲ ಅಂದ್ರ ಇವು ಯಾತಕ್ಕ ಅಂತ ಭಾಳ ಸಿಟ್ಟು ಬಂತು."

ಮರುದಿನ ಗುಡಿಸುವ ಕೆಲಸ ಮುಗಿಸಿ, ಜಿಮ್‌ನ ತರಬೇತುದಾರ್ತಿ ಸುಮತಿಯವರ ಮುಂದೆ ನಿಂತರು. ಸುಮತಿ ಈಗ ಮೈಸೂರಿನಲ್ಲಿದ್ದಾರೆ. ಫೋನಿನಲ್ಲಿ ಕೇಳಿದರೆ, ಆ ದಿನ ಚೆನ್ನಾಗಿ ನೆನಪಿದೆ ಎನ್ನುತ್ತಾರೆ. "ಜಿಮ್ಮಿಗೆ ಬರೋರೆಲ್ಲ ಎಷ್ಟು ಕೆ.ಜಿ. ಇಳೀತೀನಿ ಅಂತ ಕೇಳ್ತಾರೆ. ಗುರುಬಾಯಿ ಅದನ್ನ ಕೇಳಲೇ ಇಲ್ಲ. 'ನಮ್ಮತ್ತಿ ಇಷ್ಟು ತೂಕ ಅದಾರ್ರೀ, ನನಗ ಅವರನ್ನ ಎತ್ತಾಕ ಕಲಸ್ರಿ' ಅಂದ್ರು. ನಂಗೆ ನಗೂ ಬಂತು, ಕಣ್ಣಲ್ಲಿ ನೀರೂ ಬಂತು."

ಜಿಮ್ ಖಾಲಿಯಾಗುವ ಮಧ್ಯಾಹ್ನದ ಹೊತ್ತಿನಲ್ಲಿ ಪಾಠ ಶುರುವಾಯಿತು. ಮೊದಲು ಗೋಡೆಗೆ ಅಂಗೈ ಊರಿ ಮೈಯನ್ನು ತಳ್ಳುವುದು. ಆಮೇಲೆ ಕುರ್ಚಿಯ ಅಂಚು ಹಿಡಿದು ಕೆಳಗಿಳಿದು ಏಳುವುದು. ಕೈಗೆ ಡಂಬೆಲ್ ಬಂದದ್ದು ಎಷ್ಟೋ ವಾರಗಳ ನಂತರ. ಮನೆಯಲ್ಲಿ ರಾತ್ರಿಯ ಅನ್ನದ ಬದಲು ಜೋಳದ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ಚಹಾದ ಸಕ್ಕರೆ ಮೊದಲು ಅರ್ಧವಾಗಿ, ಆಮೇಲೆ ಪೂರ್ತಿ ನಿಂತಿತು. ಥೈರಾಯ್ಡ್ ಗುಳಿಗೆ ಮಾತ್ರ ತಪ್ಪಿಸಲಿಲ್ಲ. ಶೇರ್ ಆಟೊ ಬಿಟ್ಟು ಕೆಲಸಕ್ಕೆ ನಡೆದೇ ಹೋದರು. "ಆಟೊದವನ ಹೆಂಡತಿ ನಡಕೋಂತ ಹೋಗ್ತಾಳ ಅಂತ ನಮ್ಮ ಸ್ಟ್ಯಾಂಡಿನಾಗ ನನಗ ಕಾಡಿಸಿದ್ದs ಕಾಡಿಸಿದ್ದು," ಎನ್ನುತ್ತಾರೆ ಮಲ್ಲಣ್ಣ.

ಮೈ ಕರಗಿದಂತೆ ಹೊಸ ಗಾಬರಿಯೊಂದು ಕಾದಿತ್ತು. ರಟ್ಟೆ ಸಣ್ಣದಾಯಿತು, ಆದರೆ ಚರ್ಮ ಇನ್ನಷ್ಟು ಜೋತುಬಿತ್ತು. "ಗಾಳಿ ಹೋದ ಪುಗ್ಗಾ ಕಂಡಂಗ ಕಂಡ್ವು. ಇದ್ದದ್ದೂ ಕೆಡಿಸ್ಕೊಂಡ್ನೆಲ್ಲಾ ಅಂತ ಅತ್ತುಬಿಟ್ಟೆ." ಸುಮತಿ ಸಮಾಧಾನ ಹೇಳಿದರು: ತೂಕ ಇಳಿಸುವುದು ಅರ್ಧ ಕೆಲಸ ಮಾತ್ರ, ಭಾರ ಎತ್ತಿ ಎತ್ತಿ ಒಳಗಿನ ಸ್ನಾಯು ತುಂಬಬೇಕು, ಆಗ ಮೇಲಿನ ಚರ್ಮಕ್ಕೂ ಒಂದು ಆಧಾರ ಸಿಗುತ್ತದೆ, ಆದರೂ ಸ್ವಲ್ಪ ಸಡಿಲು ಉಳಿದರೆ ಉಳಿಯಲಿ. ಹಾಗೇ ಆಯಿತು. ಗುರುಬಾಯಿ ತೋಳು ಮಡಚಿ ನನಗೂ ತೋರಿಸುತ್ತಾರೆ. ಕೆಳಗೆ ಒಂದಿಷ್ಟು ಚರ್ಮ ಈಗಲೂ ಸಡಿಲವಾಗಿದೆ. ಒಳಗಿನದು ಹುಣಸೆ ಕೊರಡು.

ಒಂದು ಬೆಳಿಗ್ಗೆ ಅವರು ಅತ್ತೆಯ ಮಂಚದ ಬಳಿ ಹೋದರು. ಮೊಣಕಾಲು ಬಾಗಿಸಿ, ಬೆನ್ನು ನೆಟ್ಟಗಿಟ್ಟು, ಅತ್ತೆಯನ್ನು ತಬ್ಬಿ ಎತ್ತಿದರು. ಸಾವಿತ್ರಿಬಾಯಿಯ ಪಾದಗಳು ನೆಲ ಬಿಟ್ಟವು.

ಮುಂದಿನದನ್ನು ಸಾವಿತ್ರಿಬಾಯಿಯೇ ಹೇಳುತ್ತಾರೆ. "ಏ ಇಳಸs, ನಾ ಏನು ಜೋಳದ ಚೀಲೇನು ಅಂದೆ. ಮೆತ್ತಗ ಕುರ್ಚಿ ಮ್ಯಾಲ ಕುಂದರಿಸಿದ್ಲು. ನಾ ಈಕಿ ಮಾರಿ ನೋಡಿದೆ, ಈಕಿ ನನ್ನ ಮಾರಿ ನೋಡಿದ್ಲು. ಇನ್ನೊಮ್ಮೆ ಎತ್ತು ಅಂದೆ!" ಬಾಯಲ್ಲಿ ಹಲ್ಲು ನಾಲ್ಕೇ ಇದ್ದರೂ ನಗು ಮುಖ ತುಂಬಿದೆ.

ಕೊರೊನಾ ಕಾಲದಲ್ಲಿ ಮುಚ್ಚಿದ ಜಿಮ್ ಮತ್ತೆ ತೆರೆಯಲೇ ಇಲ್ಲ. ಕೆಲಸ ಹೋಯಿತು. ಊರಿಗೆ ಹೊರಟ ಸುಮತಿ ತಮ್ಮ ಎರಡು ಡಂಬೆಲ್‌ಗಳನ್ನು ಗುರುಬಾಯಿಯ ಕೈಗಿಟ್ಟು ಹೋದರು. ಜನ ಹೊರಗೆ ಓಡಾಡಲು ಶುರು ಮಾಡಿದ ಮೇಲೆ ಗುರುಬಾಯಿ ಅತ್ತೆಗೆ ಎಳೆಬಿಸಿಲು ತೋರಿಸಲು ಪಾರ್ಕಿಗೆ ಬರುತ್ತಿದ್ದರು. ಸುಮ್ಮನೆ ನಿಲ್ಲುವುದೇಕೆಂದು ಕೈಯನ್ನೂ ಆಡಿಸುತ್ತಿದ್ದರು. ಬ್ಯಾಂಕಿನಲ್ಲಿರುವ, ಕಲಬುರಗಿ ಮೂಲದ ಸ್ನೇಹಲತಾ ಮೊದಲು ಬಂದು ಪಕ್ಕದಲ್ಲಿ ನಿಂತರು. ಆಮೇಲೆ ಅವರ ನೆರೆಯವರು, ನೆರೆಯವರ ನಾದಿನಿ. ಸುಮತಿ ಈಗಲೂ ಆಗಾಗ ವಿಡಿಯೊ ಕರೆಯಲ್ಲಿ ಬಂದು ಗುರುಬಾಯಿಯ ತಪ್ಪುಗಳನ್ನು ತಿದ್ದುತ್ತಾರೆ. ಪಾರ್ಕಿನ ಕೆಲಸ ಮುಗಿಸಿ ಗುರುಬಾಯಿ ನಾಲ್ಕೈದು ಮನೆಗಳಿಗೆ ಹೋಗಿ, ಹೊರಗೆ ಬರಲಾಗದ ಹೆಂಗಸರಿಗೆ ವ್ಯಾಯಾಮ ಮಾಡಿಸುತ್ತಾರೆ. ಬಾಣಂತಿಯರಿದ್ದರೆ, ಬಿ.ಪಿ. ಇದ್ದರೆ ಮೊದಲು ಡಾಕ್ಟರನ್ನು ಕೇಳಿಕೊಂಡು ಬನ್ನಿ ಎನ್ನುತ್ತಾರೆ. ಮಲ್ಲಣ್ಣನ ಆಟೊ ಜೊತೆಗೆ ಮನೆ ನಡೆಯುವುದು ಈ ದುಡಿಮೆಯಿಂದ.

ಹೆಚ್ಚಿನವರು ಬರುವುದು ಒಂದೇ ಬೇಡಿಕೆ ಹೊತ್ತು. ಮಂಗಳೂರಿನ ಕುಮುದಾ ಇಲ್ಲಿಯ ಐಟಿ ಕಂಪನಿಯಲ್ಲಿದ್ದಾರೆ. ಉಪವಾಸ ಮಾಡಿ ಮಾಡಿ ತೂಕ ಇಳಿಸಿಕೊಂಡಿದ್ದರು, ತೋಳು ಮಾತ್ರ ಜೋಲುತ್ತಿತ್ತು. ಅಣ್ಣನ ಮದುವೆಗೆ ತೋಳಿಲ್ಲದ ರವಿಕೆ ಹೊಲಿಸಿದ್ದರು. "ಒಂದು ತಿಂಗಳಲ್ಲಿ ತೋಳು ಮಾತ್ರ ಸರಿ ಮಾಡಿಕೊಡಿ ಆಂಟಿ ಅಂತ ಕೇಳಿದೆ," ಎಂದು ಅವರು ನಗುತ್ತಾರೆ.

ಗುರುಬಾಯಿ ಕೊಟ್ಟ ಉತ್ತರ ಈಗ ಸಾಲಿನಲ್ಲಿರುವ ಎಲ್ಲರಿಗೂ ಬಾಯಿಪಾಠ: "ರಟ್ಟಿ ಒಂದs ಕರಗು ಅಂದ್ರ ಅದು ಮಾತು ಕೇಳೂದಿಲ್ಲವ್ವ. ಮೈಯೆಲ್ಲಾ ಕರಗುಮುಂದ ಅದೂ ಕರಗತೈತಿ. ಮೊದಲ ಹೊಟ್ಟಿತುಂಬ ಉಣ್ಣು. ಉಪವಾಸ ಇದ್ದಾಕಿಗೆ ಕಸುವು ಎಲ್ಲಿಂದ ಬರಬೇಕು?"

ಮದುವೆಗೆ ಕುಮುದಾ ತೋಳಿರುವ ರವಿಕೆಯನ್ನೇ ತೊಟ್ಟರು. ಬೇಜಾರಾಯಿತು, ಆದರೂ ಪಾರ್ಕಿಗೆ ಬರುವುದನ್ನು ಬಿಡಲಿಲ್ಲ. ಕಾಳು, ಮೊಟ್ಟೆ, ರೊಟ್ಟಿ ತಿನ್ನಲು ಕಲಿತರು. ದೀಪಾವಳಿಗೆ ಊರಿಗೆ ಹೊರಟಾಗ, ರೈಲಿನಲ್ಲಿ ಎದುರಿನವರು ಎದ್ದು ನೆರವಿಗೆ ಬರುವ ಮೊದಲೇ ಸೂಟ್‌ಕೇಸನ್ನು ತಾವೇ ಮೇಲಿನ ಬರ್ತಿಗೆ ಎತ್ತಿಟ್ಟರು. "ಕೂತ ಮೇಲೆ ಗೊತ್ತಾಯಿತು ನಂಗೆ, ನಾನೇ ಇಟ್ಟದ್ದು ಅಂತ! ಕೂಡಲೇ ಆಂಟಿಗೆ ಫೋನ್ ಮಾಡಿದೆ. ಆ ತೋಳಿಲ್ಲದ ರವಿಕೆಯನ್ನೇ ಹಬ್ಬಕ್ಕೆ ಹಾಕಿದೆ. ತೋಳು ಹೇಗೆ ಕಾಣ್ತದೆ ಅಂತ ನೆನಪೇ ಆಗಲಿಲ್ಲ."

ಬಿಸಿಲು ಬೇವಿನ ಮರದ ಕೆಳಗೆ ಇಳಿಯುವ ಹೊತ್ತಿಗೆ ಸಾಲು ಚದುರುತ್ತದೆ. ಒಬ್ಬರಿಗೆ ಮಕ್ಕಳ ಸ್ಕೂಲ್ ಬಸ್ಸಿನ ಅವಸರ, ಇನ್ನೊಬ್ಬರಿಗೆ ಮೆಟ್ರೊ ಹಿಡಿಯುವ ಗಡಿಬಿಡಿ. ಮಲ್ಲಣ್ಣನ ಆಟೊ ಗೇಟಿನ ಬಳಿ ಬಂದು ನಿಲ್ಲುತ್ತದೆ. ಗುರುಬಾಯಿ ಬಾಗಿ, ಅತ್ತೆಯನ್ನು ಕುರ್ಚಿಯಿಂದ ಎತ್ತಿ ಆಟೊದ ಸೀಟಿನಲ್ಲಿ ಕೂರಿಸುತ್ತಾರೆ. ಹಾದುಹೋಗುವವರು ಯಾರೂ ತಿರುಗಿ ನೋಡುವುದಿಲ್ಲ. ಅಷ್ಟು ಸಲೀಸಾದ ಕೆಲಸ ಅದು.

ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಗುರುಬಾಯಿ ಮೊದಲು ನಾಚುತ್ತಾರೆ, ಗಂಡನ ಕಡೆ ಒಮ್ಮೆ ನೋಡುತ್ತಾರೆ.

"ನಗಬ್ಯಾಡ್ರಿ ಮತ್ತ. ಈಜು ಕಲೀಬೇಕಂತ ಐತ್ರೀ. ಇಲ್ಲೇ ಹೆಣ್ಣುಮಕ್ಕಳಿಗೆ ಬ್ಯಾರೆ ವ್ಯಾಳ್ಯಾದಾಗ ಕಲಸ್ತಾರಂತ. ಸಣ್ಣಾಕಿ ಇದ್ದಾಗ ನಮ್ಮ ಅಣ್ಣಗೋಳು ಬಾವ್ಯಾಗ ಜಿಗದು ಈಜತಿದ್ರು. ನಾ ದಂಡಿ ಮ್ಯಾಲ ಕುಂತು ಅವರ ಅಂಗಿ ಕಾಯ್ತಿದ್ದೆ. ಕಾಯ್ದಿದ್ದು ಸಾಕಾತ್ರಿ. ಈಗ ಯಾರರೆ ನನ್ನ ಸೀರಿ ಕಾಯಲಿ."

ಆಟೊದ ಒಳಗಿನಿಂದ ಸಾವಿತ್ರಿಬಾಯಿಯ ದನಿ ಬರುತ್ತದೆ:

"ನಾ ಕಾಯ್ತೀನಿ ನಡಿಯs. ನನಗರೆ ಮತ್ತೇನು ಕೆಲಸ ಐತಿ?"